ಪುರಭವನದ ಭಾನುವಾರದವರು

ಮಾನ್ಯ ನಗರಸಭೆಯ ಆಯುಕ್ತರೇ,

ಹಳೆಯ ಪುರಭವನ ವಸತಿ ಸಮುಚ್ಚಯವಾದರೂ ಅದರ ಕೆಳಗಿನ ದೊಡ್ಡ ಸಭಾಂಗಣ ಸಾರ್ವಜನಿಕರದೇ ಆಗಿ ಉಳಿಯುತ್ತದೆ ಎಂದು ತಾವು ತುಂಬಿದ ಸಭೆಯಲ್ಲಿ ಮಾತು ಕೊಟ್ಟಿದ್ದಿರಿ. ಉಳಿದಿಲ್ಲ. ಸಭಾಂಗಣ ಇದೆ, ಸಾರ್ವಜನಿಕರೂ ಇದ್ದೇವೆ. ನಡುವೆ ಒಂದು ಗಾಜಿನ ಬಾಗಿಲಿದೆ. ತುಂಬ ಜಾಣ ಬಾಗಿಲು. ಮನೆ ಕೊಂಡವರು ಹತ್ತಿರ ಬಂದರೆ ತಾನಾಗಿಯೇ ಸರಿಯುತ್ತದೆ. ನಾವು ಹತ್ತಿರ ಹೋದರೆ ಬಾಗಿಲು ಇದ್ದಲ್ಲೇ ಇದ್ದು ಕಾವಲುಗಾರ ಸರಿಯುತ್ತಾನೆ, ನಮ್ಮ ಕಡೆಗೆ.

ಈ ಸಂಗತಿಯನ್ನು ತಮ್ಮ ಕಚೇರಿಗೆ ಅರ್ಜಿಯ ಮೇಲೆ ಅರ್ಜಿ ಬರೆದು ತಿಳಿಸಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು ಎಂದು ಇಲ್ಲಿ ಬರೆಯಲು ಹೊರಟಿದ್ದೆ. ಕಿನ್ನರಿ ಕೇಳಿ ತಲೆಯಾಡಿಸುವ ಕೋಣಗಳೂ ಇದ್ದಾವು, ಸುಮ್ಮನೆ ಅವುಗಳ ಮನಸ್ಸು ನೋಯಿಸುವುದೇಕೆ ಎಂದು ಕೈಬಿಟ್ಟೆ. ಹಾಗಾಗಿ ಈ ಸಲ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ. ತಾವು ಓದದಿದ್ದರೂ ತಮ್ಮ ಪಕ್ಕದ ಮನೆಯವರು ಓದಿ ತಮಗೆ ಹೇಳಿಯಾರು.

ನಾನು ಪುರಭವನದ ಹಿಂದಿನ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡವಳು. ಶಾಲೆಯ ಮಕ್ಕಳಿಗೆ, ಆಸ್ಪತ್ರೆಯ ದಾದಿಯರಿಗೆ, ತಮ್ಮ ಕಚೇರಿಯ ಜವಾನರಿಗೆ ಸಮವಸ್ತ್ರ ಹೊಲಿಯುತ್ತೇನೆ. ಆ ಗಾಜಿನ ಬಾಗಿಲಿನ ಕಾವಲುಗಾರ ತೊಟ್ಟ ನೀಲಿ ಅಂಗಿಯೂ ನನ್ನದೇ ಹೊಲಿಗೆ. ನನ್ನನ್ನು ತಡೆಯಲು ಅವನು ಕೈ ಚಾಚಿದಾಗ ಕಂಕುಳಲ್ಲಿ ಎಲ್ಲೂ ಬಿಗಿಯಲಿಲ್ಲ ಎಂಬುದನ್ನು ಕಂಡು ಸಮಾಧಾನಪಟ್ಟೆ. ಚಿಕ್ಕವರು ದೊಡ್ಡವರು ಎನ್ನದೆ ಬೀದಿಯವರೆಲ್ಲ ನನ್ನನ್ನು ಅಕ್ಕ ಎನ್ನುತ್ತಾರೆ; "ಒಳಗೆ ಬಿಡೋ ಹಾಗಿಲ್ಲ ಅಕ್ಕ" ಎಂದು ಅವನೂ ಮರ್ಯಾದೆಯಿಂದಲೇ ಹೇಳಿದ.

ಮೊದಲೇ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ಪುರಭವನದಲ್ಲಿ ಮನೆಗಳಾದವು ಎಂದು ನನಗೆ ಹೊಟ್ಟೆಯುರಿಯಿಲ್ಲ. ಕಟ್ಟಡ ಸೋರುತ್ತಿತ್ತು, ಮೇಲಿನ ಮಹಡಿಯಲ್ಲಿ ಪಾರಿವಾಳಗಳು ಸಂಸಾರ ಹೂಡಿದ್ದವು, ತಮ್ಮ ಕಚೇರಿ ಹೊಸ ಕಟ್ಟಡಕ್ಕೆ ಹೋಗಿಯಾಗಿತ್ತು. ಪಾರಿವಾಳಕ್ಕೆ ಸಿಕ್ಕ ಸೂರು ಮನುಷ್ಯರಿಗೂ ಸಿಗಲಿ. ಕಂದಾಯ ವಿಭಾಗ ಈಗ ಮೂರು ಕೋಣೆಯ ಮನೆಯಂತೆ. ಅಲ್ಲಿ ಮೊದಲು ಬರುತ್ತಿದ್ದವರು ಹೊರಗೆ ಹೋಗಲು ಅವಸರಪಡುತ್ತಿದ್ದರು, ಈಗ ಒಳಗೆ ಬರಲು ಅವಸರಪಡುತ್ತಾರೆ. ಜನನ ಮರಣ ನೋಂದಣಿಯ ಕೊಠಡಿ ಮಲಗುವ ಕೋಣೆಯಾಗಿದೆ. ದೂರು ಸ್ವೀಕರಿಸುವ ವಿಭಾಗ ಬಚ್ಚಲಾಗಿದೆ. ಮೊದಲೂ ಅಲ್ಲಿ ಕೈ ತೊಳೆದುಕೊಳ್ಳುವುದೇ ನಡೆಯುತ್ತಿತ್ತು, ಈಗ ನೀರೂ ಬರುತ್ತದೆ. "ಇತಿಹಾಸದ ಮಡಿಲಲ್ಲಿ ನಿದ್ರಿಸಿ" ಎಂದು ಗೋಡೆಯ ಮೇಲೆ ಜಾಹೀರಾತು ಹಾಕಿದ್ದಾರೆ. ನಿದ್ರಿಸಲಿ. ನನ್ನ ತಕರಾರು ಕೆಳಗಿನ ಸಭಾಂಗಣದ್ದು ಮಾತ್ರ.

ಆ ಸಭಾಂಗಣವನ್ನು ತಾವು ನೋಡಿದ್ದೀರಿ. ಎರಡೂ ಬದಿಗೆ ಆಳೆತ್ತರದ ಕಿಟಕಿಗಳು, ಎತ್ತರದ ಸೂರು, ಕಾಲಡಿಯಲ್ಲಿ ಅಗಲವಾದ ಮರದ ಹಲಗೆಗಳು. ಊರವರು ಚಂದಾ ಎತ್ತಿ, ಭಾಷಣ ಕೇಳಲೆಂದು ಕಟ್ಟಿಸಿದ ಜಾಗ. ಆದರೆ ಅಲ್ಲಿ ಆಡಿದ ಮಾತು ಸೂರಿಗೆ ಬಡಿದು, ಕೆಳಗೆ ಬಂದು, ಮುಂದಿನ ಮಾತಿನ ಮೇಲೆ ಬಿದ್ದು, ಎರಡೂ ಸೇರಿ ಯಾರಿಗೂ ಅರ್ಥವಾಗದೆ ಹೋಗುತ್ತಿದ್ದವು. ಎಷ್ಟೋ ತಲೆಮಾರಿನ ಸದಸ್ಯರು ಅಲ್ಲಿ ಕೂತು, ಒಬ್ಬರ ಮಾತು ಒಬ್ಬರಿಗೆ ತಿಳಿಯದೆಯೇ ಊರನ್ನು ಆಳಿದರು. ಆ ಸಭಾಂಗಣದಲ್ಲಿ ಎಲ್ಲರ ಮಾತೂ ಎಲ್ಲರಿಗೂ ಅರ್ಥವಾಗುತ್ತಿದ್ದದ್ದು ವಾರಕ್ಕೊಮ್ಮೆ, ಭಾನುವಾರ ಬೆಳಿಗ್ಗೆ, ಕಿವಿ ಕೇಳದವರು ಸೇರಿದಾಗ.

ಪಕ್ಕದ ವಾಚನಾಲಯಕ್ಕೆಂದು ಭಾನುವಾರವೂ ಪುರಭವನದ ಬಾಗಿಲು ತೆರೆಯುತ್ತಿದ್ದರು. ಆ ಬಾಗಿಲಿನಿಂದ ಇವರು ಬರುತ್ತಿದ್ದರು: ಸಿದ್ಧ ಉಡುಪಿನ ಕಾರ್ಖಾನೆಯವರು, ಬೇಕರಿಯವರು, ಛಾಪಖಾನೆಯವರು, ಮನೆಕೆಲಸದವರು. ಕಿವಿ ಕೇಳುವವರಿಗೆ ಮಾತಾಡಲು ಕತ್ತಲಾದರೂ ನಡೆಯುತ್ತದೆ, ಗೋಡೆ ಅಡ್ಡವಿದ್ದರೂ ನಡೆಯುತ್ತದೆ. ಕೈಯಲ್ಲಿ ಮಾತಾಡುವವರಿಗೆ ಬೆಳಕು ಬೇಕು, ಎದುರಿಗೆ ಜಾಗ ಬೇಕು. ಚಹಾದಂಗಡಿಯಲ್ಲಿ ಮಾಣಿ ತಟ್ಟೆ ಹಿಡಿದು ಮಾತಿನ ನಡುವೆಯೇ ಹಾದುಹೋಗುತ್ತಾನೆ. ಉದ್ಯಾನದಲ್ಲಿ ಬಿಸಿಲು ಕಣ್ಣಿಗೆ ಬಡಿದು ಅರ್ಧ ವಾಕ್ಯ ಕರಗಿಹೋಗುತ್ತದೆ. ಪುರಭವನದಲ್ಲಿ ಒಬ್ಬರು ಈ ಕಿಟಕಿಯ ಬಳಿ, ಇನ್ನೊಬ್ಬರು ಆ ಕಿಟಕಿಯ ಬಳಿ ನಿಂತು ಹರಟಬಹುದಿತ್ತು. ವಾರವೆಲ್ಲ ಬೇರೆಯವರ ತುಟಿ ನೋಡುತ್ತ ಕೈಕಟ್ಟಿ ಕೂತವರು ಭಾನುವಾರ ಕೈಬಿಚ್ಚಿ ಮಾತಾಡುತ್ತಿದ್ದರು. ನಾವು ಅವರನ್ನು ಭಾನುವಾರದವರು ಎಂದೇ ಕರೆಯುತ್ತಿದ್ದೆವು.

ನನ್ನ ತಮ್ಮ ಭಾನುವಾರದವನು. ಹುಟ್ಟಿನಿಂದ ಅವನಿಗೆ ಕಿವಿ ಕೇಳದು. ಕಟ್ಟು ಹಲ್ಲು ಮಾಡುವುದು ಅವನ ಕಸುಬು. ಊರಿನ ದಂತವೈದ್ಯರು ಅಳತೆ ತೆಗೆದು ಅವನಿಗೆ ಕಳಿಸುತ್ತಾರೆ. ಅವನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಅವನೊಡನೆ ಯಾರಿಗೂ ಮಾತಿರಲಿಲ್ಲ. ಹಸಿವಾದರೆ ಅಳುತ್ತಿದ್ದ, ಸಿಟ್ಟು ಬಂದರೆ ಅಳುತ್ತಿದ್ದ, ಯಾವುದು ಯಾವುದೆಂದು ತಿಳಿಯದೆ ಅಮ್ಮನೂ ಅಳುತ್ತಿದ್ದಳು. ಯಾರೋ ಹೇಳಿದರೆಂದು ಒಂದು ಭಾನುವಾರ ಅವನನ್ನು ಪುರಭವನಕ್ಕೆ ಕರೆದೊಯ್ದಳು, ನಾನೂ ಸೆರಗು ಹಿಡಿದು ಹೋದೆ. ಅಲ್ಲಿ ಒಬ್ಬ ಹೆಂಗಸು, ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸದವರು, ನೆಲದ ಮೇಲೆ ಕೂತು ಅವನನ್ನು ಮಡಿಲಿಗೆ ಎಳೆದುಕೊಂಡರು. ಒಂದು ಲೋಟ ನೀರು ತರಿಸಿ, ಅದನ್ನು ತೋರಿಸಿ ಕೈಯಲ್ಲಿ ಒಂದು ಸನ್ನೆ ಮಾಡಿದರು. ಅವನು ನೋಡಿದ. ಮತ್ತೆ ಮಾಡಿದರು. ಅವನು ತನ್ನ ಪುಟ್ಟ ಕೈಯಲ್ಲಿ ಅದನ್ನೇ ಮಾಡಿದ, ನೀರು ಸಿಕ್ಕಿತು. ಆ ದಿನ ಅವನು ಎಷ್ಟು ನೀರು ಕುಡಿದನೆಂದರೆ, ಮನೆಗೆ ಬರುವ ದಾರಿಯಲ್ಲಿ ಎರಡು ಕಡೆ ನಿಲ್ಲಬೇಕಾಯಿತು. ಕೇಳಿದ್ದು ಸಿಗುತ್ತದೆ ಎಂದು ಅವನಿಗೆ ಮೊದಲ ಬಾರಿಗೆ ಗೊತ್ತಾಗಿತ್ತು. ಆಮೇಲೆ ಪ್ರತಿ ಭಾನುವಾರ ಹೋದೆವು. ಅಮ್ಮ ಕಲಿತಳು, ನಾನೂ ಕಲಿತೆ. ನೀರಿನ ಸನ್ನೆ ಕಲಿಸಿದ ಆ ಹೆಂಗಸೂ ಕಿವಿ ಕೇಳದವರೇ; ಅವರನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಾರೆ. ತಮ್ಮನ ಜೊತೆ ನನಗೆ ಮಾತು ಕೊಟ್ಟವರು ಅವರು. ತಾವು ಕೊಟ್ಟ ಮಾತಿನಂಥದ್ದಲ್ಲ, ಇಂದಿಗೂ ನಡೆಯುತ್ತಿದೆ.

ತಮ್ಮನಿಗೆ ಹೆಂಡತಿ ಸಿಕ್ಕಿದ್ದೂ ಅಲ್ಲಿಯೇ. ಎದುರುಬದುರು ಕಿಟಕಿಗಳ ಬಳಿ ನಿಂತು ಯಾವುದೋ ಸಣ್ಣ ವಿಷಯಕ್ಕೆ ಜಗಳ ಶುರುಮಾಡಿದರು, ನಡುವೆ ಕೂತವರೆಲ್ಲ ಕತ್ತು ಆಚೆ ಈಚೆ ತಿರುಗಿಸುತ್ತ ನೋಡಿದರು. ಸನ್ನೆಯ ಮಾತಿನಲ್ಲಿ ಪಿಸುಗುಡಲು ಬರುವುದಿಲ್ಲ. ಹಾಗಾಗಿ ಅವರಿಬ್ಬರ ಪ್ರೀತಿ ಅವರಿಗಿಂತ ಮೊದಲೇ ಊರಿಗೆ ಗೊತ್ತಾಯಿತು.

ಇನ್ನು ಆ ಮರದ ನೆಲ. ದೂರದಲ್ಲಿ ಬೆನ್ನು ಹಾಕಿ ನಿಂತವರನ್ನು ಕೂಗಿ ಕರೆಯುವಂತಿಲ್ಲವಲ್ಲ, ಕಾಲಿನಿಂದ ನೆಲ ತಟ್ಟಿದರೆ ಹಲಗೆ ಅದುರಿ ಅವರ ಅಂಗಾಲಿಗೆ ತಿಳಿಯುತ್ತಿತ್ತು. ಯಾರಾದರೂ ಒಳಗೆ ಬಂದರೆ ತಿಳಿಯುತ್ತಿತ್ತು. ಎಲ್ಲರೂ ನಕ್ಕು ಕಾಲು ಬಡಿದರೆ ನೆಲಕ್ಕೆ ನೆಲವೇ ನಗುತ್ತಿತ್ತು. ದೊಡ್ಡಮ್ಮನಿಗೆ ವಯಸ್ಸಾದಂತೆ ಕಣ್ಣೂ ಮಂಜಾಗತೊಡಗಿದಾಗ ಅವರು ಚಪ್ಪಲಿ ಕಳಚಿಟ್ಟು ಬರಿಗಾಲಲ್ಲಿ ಕಿಟಕಿಯ ಪಕ್ಕ ಕೂರಲು ಶುರುಮಾಡಿದರು. ಮುಖ ಕಾಣದಿದ್ದರೂ ನಡಿಗೆಯಿಂದ ಯಾರು ಬಂದರೆಂದು ಹೇಳುತ್ತಿದ್ದರು. ಅವರ ಎದುರು ಕೂತು, ಅವರ ಕೈ ನಮ್ಮ ಕೈಮೇಲಿಟ್ಟುಕೊಂಡು ಮಾತಾಡಿದರೆ ಮುಟ್ಟಿ ತಿಳಿದುಕೊಳ್ಳುತ್ತಿದ್ದರು.

ಅಂಥ ಹೊತ್ತಿನಲ್ಲಿ ತಾವು ಆ ಸಭೆ ಕರೆದಿರಿ. ಪುರಭವನವನ್ನು ಬಿಲ್ಡರ್ ಒಬ್ಬರಿಗೆ ಒಪ್ಪಿಸುವ ಮೊದಲು ಊರವರ ಅಭಿಪ್ರಾಯ ಕೇಳುವ ಸಭೆ, ಅದೇ ಸಭಾಂಗಣದಲ್ಲಿ. ಭಾನುವಾರದವರೆಲ್ಲ ಎಡಗಡೆ ಕೂತಿದ್ದರು, ನಾನು ಅವರ ಮುಂದೆ ನಿಂತು ತಮ್ಮ ಮಾತನ್ನು ಕೈಯಲ್ಲಿ ಹೇಳುತ್ತಿದ್ದೆ. ಎಂದಿನಂತೆ ಸೂರು ತಮ್ಮ ಮಾತನ್ನು ಕಲಸುತ್ತಿತ್ತು; ವೇದಿಕೆಗೆ ಹತ್ತಿರವಿದ್ದುದರಿಂದ ನನಗೆ ಕೇಳಿಸಿತು. ಆ ದಿನ ತಮ್ಮ ಭಾಷಣವನ್ನು ಪೂರ್ತಿ ಅರ್ಥಮಾಡಿಕೊಂಡವರು ಅವರೇ ಎಂದು ಕಾಣುತ್ತದೆ. ಮೇಲೆ ಮನೆಗಳು, ಕೆಳಗಿನ ಸಭಾಂಗಣ ಮಾತ್ರ ಜನರದ್ದು ಎಂದಿರಿ. ತಮ್ಮ ಎದ್ದು ನಿಂತು, ಭಾನುವಾರವೂ ತೆರೆದಿರುತ್ತದೆಯೇ ಎಂದು ಕೇಳಿದ. ನಾನು ಬಾಯಲ್ಲಿ ಕೇಳಿದೆ. ತಾವು ನಕ್ಕು ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ: "ಭಾನುವಾರ ಯಾಕಮ್ಮ, ಎಲ್ಲಾ ವಾರಾನೂ ನಿಮ್ಮದೇ."

ನಾನು ಅದನ್ನು ಕೈಯಲ್ಲಿ ಹೇಳಿದೆ. ಅವರೆಲ್ಲ ಎರಡೂ ಕೈ ಮೇಲೆತ್ತಿ ಅಲ್ಲಾಡಿಸಿದರು. ಅದು ಅವರ ಚಪ್ಪಾಳೆ. ತಾವು ಅದನ್ನು ಪ್ರತಿಭಟನೆ ಎಂದುಕೊಂಡು ಒಂದು ಹೆಜ್ಜೆ ಹಿಂದೆ ಸರಿದಿರಿ. ಮನೆಗೆ ಹೋಗುವಾಗ ತಮ್ಮ ನನಗೊಂದು ಗುಟ್ಟು ಹೇಳಿದ. ಸಾಹೇಬರ ಮೇಲಿನ ಸಾಲಿನ ಹಲ್ಲುಗಳು ತಾನು ಮಾಡಿದ್ದು, ಚೆನ್ನಾಗಿ ಕೂತಿವೆ ಎಂದು ಸಂತೋಷಪಟ್ಟ. ಅಂದರೆ ತಾವು ಕೊಟ್ಟ ಮಾತಿನಲ್ಲಿ ಅವನದೂ ಒಂದು ಪಾಲಿದೆ. ಮೂಗಿಗೆ ತುಪ್ಪ ಸವರುವಾಗ ತುಪ್ಪ ತಮ್ಮದಾಗಿತ್ತು, ಮೂಗು ನಮ್ಮದಾಗಿತ್ತು, ಹಲ್ಲು ಅವನದಾಗಿತ್ತು.

ಕಟ್ಟಡ ಎರಡು ವರ್ಷಕ್ಕೂ ಮಿಕ್ಕಿ ಮುಚ್ಚಿತ್ತು. ಆ ಅವಧಿಯಲ್ಲಿ ದೊಡ್ಡಮ್ಮನ ಕಣ್ಣು ಪೂರ್ತಿ ಹೋಯಿತು. ತಂಗಿಯ ಮಗಳ ಮನೆಯ ಒಂದು ಕೋಣೆಯಲ್ಲಿ ಕೂತು, ಯಾರು ಹೋದರೂ ಕೈಹಿಡಿದು ಒಂದೇ ಮಾತು ಕೇಳುತ್ತಿದ್ದರು: ಪುರಭವನ ತೆರೆಯಿತೇ?

ತೆರೆಯಿತು. ನಾವು ಹೋದೆವು. ಗಾಜಿನ ಬಾಗಿಲು, ನೀಲಿ ಅಂಗಿ, "ಒಳಗೆ ಬಿಡೋ ಹಾಗಿಲ್ಲ ಅಕ್ಕ". ಸಭಾಂಗಣಕ್ಕೆ "ನಿವಾಸಿಗಳ ವಿಶ್ರಾಂತಿ ಕೊಠಡಿ" ಎಂದು ಫಲಕ ಹಾಕಿದ್ದರು. ಮೇಲಿನ ಮನೆಗಳಲ್ಲಿ ಎರಡು ಮೂರು ಕೋಣೆ, ಮೆತ್ತನೆಯ ಹಾಸಿಗೆ ಎಲ್ಲ ಇದ್ದೂ ಅಲ್ಲಿಯವರಿಗೆ ವಿಶ್ರಾಂತಿ ಸಾಲದೆ ಬಂದಿದೆ ಎಂದು ತಿಳಿದು ಮರುಕವಾಯಿತು. ನಾವು ಹೊರಗಿನ ಮೆಟ್ಟಿಲ ಮೇಲೆ ಕೂತೆವು. ಮುಂದಿನ ಭಾನುವಾರವೂ ಕೂತೆವು. ಅದರ ಮುಂದಿನ ಭಾನುವಾರ ಪೊಲೀಸಪ್ಪನೊಬ್ಬ ಬಂದ. ನಿವಾಸಿಗಳ ಸಂಘದವರು ದೂರು ಕೊಟ್ಟಿದ್ದರು.

"ಇಲ್ಲಿ ವಿಪರೀತ ಗದ್ದಲ ಅಂತ ಕಂಪ್ಲೇಂಟ್ ಬಂದಿದೆ. ಯಾರಮ್ಮ ಗದ್ದಲ ಮಾಡ್ತಿರೋದು?" ಎಂದು ನನ್ನನ್ನು ಕೇಳಿದ.

"ಇವರೇ ಸಾರ್."

ಅವನು ಅವರ ಕಡೆ ಕಿವಿಗೊಟ್ಟು ನೋಡಿದ. "ಯಾವಾಗ ಮಾಡ್ತಾರೆ?"

"ಈಗ ಮಾಡ್ತಾ ಇದಾರೆ."

ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. ನಾನು ಸುಳ್ಳು ಹೇಳುವವಳಲ್ಲ. ಅವರು ಪೂರ್ತಿ ನಿಶ್ಶಬ್ದ ಎಂದರೆ ಅದೂ ಸುಳ್ಳು. ನಗುವಾಗ ಸದ್ದಾಗುತ್ತದೆ. ನನ್ನ ತಮ್ಮ ನಕ್ಕರೆ ಗರಗಸ ಎಳೆದ ಹಾಗಿರುತ್ತದೆ. ಅದು ಅವನಿಗೆ ಗೊತ್ತಿಲ್ಲ, ಹೇಳಬೇಕೆಂದು ನಮಗ್ಯಾರಿಗೂ ಇದುವರೆಗೆ ಅನಿಸಿಲ್ಲ. ಈ ಪತ್ರ ಓದಿ ಗೊತ್ತಾಗುತ್ತದೆ. ಆದರೆ ಎದುರಿನ ರಸ್ತೆಯಲ್ಲಿ ಬಸ್ಸುಗಳು ಬೆಳಗಿನಿಂದ ಹಾರನ್ ಒತ್ತುತ್ತಿರುವಾಗ, ಊರಿನಲ್ಲಿ ಸದ್ದು ಮಾಡದ ಇಪ್ಪತ್ತು ಜನರನ್ನೇ ಹುಡುಕಿ ಸದ್ದಿನ ದೂರು ಕೊಡುವುದಕ್ಕೆ ವಿಶೇಷ ಪ್ರತಿಭೆ ಬೇಕು. ಗದ್ದಲ ಕಂಡುಬರಲಿಲ್ಲ ಎಂದು ಪೊಲೀಸಪ್ಪ ಬರೆದುಕೊಂಡ. ಮೆಟ್ಟಿಲೂ ಅವರದ್ದೇ ಅಂತೆ ಅಮ್ಮ, ಏನ್ಮಾಡ್ಲಿ, ಎಂದು ನಮ್ಮನ್ನು ಎಬ್ಬಿಸಿದ.

ಆಗ ತಮ್ಮ ಕಚೇರಿಗೆ ಬರೆದೆ, ಮತ್ತೆ ಬರೆದೆ, ಕಡೆಗೊಂದು ಉತ್ತರ ಬಂತು. ಸಭಾಂಗಣವು ಸಾರ್ವಜನಿಕರಿಗೆ ಮುಕ್ತವಾಗಿಯೇ ಇದ್ದು, ಇಲ್ಲಿ ಸಾರ್ವಜನಿಕರು ಎಂದರೆ ಸದರಿ ಕಟ್ಟಡದಲ್ಲಿ ವಾಸವಿರುವ ಸಾರ್ವಜನಿಕರು ಹಾಗೂ ಮನೆ ಖರೀದಿಸುವ ಆಸಕ್ತಿಯುಳ್ಳ ಸಾರ್ವಜನಿಕರು ಎಂದು ಅರ್ಥೈಸಿಕೊಳ್ಳತಕ್ಕದ್ದು ಎಂದಿತ್ತು. ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ಕೇಳಿದ್ದೆ. ಇದು ದೀಪವನ್ನು ಗೋಡೆಯ ಆಚೆಗೇ ಇಟ್ಟು ಈಚೆಯವರಿಗೆ ಬೆಂಕಿಪೊಟ್ಟಣ ತೋರಿಸಿದ ಹಾಗಿತ್ತು. ನಾನು ಹರಿದು ಹಾಕುವುದರಲ್ಲಿದ್ದೆ. ತಮ್ಮನ ಹೆಂಡತಿ ನನ್ನ ಕೈಯಿಂದ ಅದನ್ನು ಕಸಿದುಕೊಂಡು ಓದಿದಳು, ಮತ್ತೊಮ್ಮೆ ಓದಿದಳು. ಆಮೇಲೆ ಕೈಯಲ್ಲಿ ಕೇಳಿದಳು: ನಮಗೆ ಆಸಕ್ತಿ ಇದೆಯಲ್ಲ? ದುಡ್ಡು ಇರಬೇಕೆಂದು ಇವರು ಎಲ್ಲಿ ಬರೆದಿದ್ದಾರೆ?

ಮುಂದಿನ ಭಾನುವಾರ ನಾವು ಇಸ್ತ್ರಿ ಹಾಕಿದ ಬಟ್ಟೆ ತೊಟ್ಟು ಮನೆ ನೋಡಲು ಹೋದೆವು. ಕಾವಲುಗಾರನಿಗೆ ತಮ್ಮ ಕಚೇರಿಯ ಉತ್ತರ ತೋರಿಸಿದೆವು, ಗಾಜಿನ ಬಾಗಿಲು ಸರಿಯಿತು. ಮನೆ ಮಾರುವ ಕೆಲಸಕ್ಕೆ ಒಬ್ಬ ತರುಣನನ್ನು ಇಟ್ಟಿದ್ದರು, ಟೈ ಕಟ್ಟಿಕೊಂಡಿದ್ದ, ಬಹಳ ವಿನಯವಂತ. "ಹೊರಗಡೆ ಸದ್ದು ಒಂಚೂರೂ ಒಳಗೆ ಬರಲ್ಲ ಮೇಡಂ, ಅಷ್ಟು ಪ್ರಶಾಂತ" ಎಂದ. ನಾನು ತಮ್ಮನಿಗೆ ಹೇಳಿದೆ. ಅವನು ಗಂಭೀರವಾಗಿ ತಲೆಯಾಡಿಸಿ ಏನೋ ಹೇಳಿದ.

"ಸಾರ್ ಏನಂತಾರೆ ಮೇಡಂ?"

"ಈಗಿರೋ ಮನೇಲೂ ಅಷ್ಟೇ ಪ್ರಶಾಂತ ಅಂತಿದಾನೆ."

ಮೇಲಿನ ಮನೆ ತೋರಿಸಿ, ಕೆಳಗೆ ಕರೆತಂದು, ಸಭಾಂಗಣದಲ್ಲಿ ಕೂರಿಸಿ, ನಿಧಾನವಾಗಿ ಯೋಚನೆ ಮಾಡಿ ಎಂದ. ಯೋಚನೆ ಮಾಡಿದೆವು. ಮುಂದಿನ ವಾರ ಬೇಕರಿಯವನ ಕುಟುಂಬಕ್ಕೆ ಮನೆ ಕೊಳ್ಳುವ ಆಸಕ್ತಿ ಹುಟ್ಟಿತು, ಅದರ ಮುಂದಿನ ವಾರ ಛಾಪಖಾನೆಯವರಿಗೆ, ಆಮೇಲೆ ಆಸಕ್ತಿ ಎಲ್ಲರಿಗೂ ಅಂಟುರೋಗದಂತೆ ಹಬ್ಬಿತು. ಒಂದು ಭಾನುವಾರ ಮೂರು ನಾಲ್ಕು ಕುಟುಂಬಗಳು ಒಟ್ಟಿಗೇ ಸಭಾಂಗಣದಲ್ಲಿ ಯೋಚನೆ ಮಾಡುತ್ತ ಕೂತಿದ್ದೆವು. ಈ ನೂಕುನುಗ್ಗಲು ನೋಡಿ ಬಿಲ್ಡರ್ ಮನೆಗಳ ಬೆಲೆಯನ್ನೂ ಏರಿಸಿದರಂತೆ. ಊರಿನ ಆಸ್ತಿ ಬೆಲೆ ಏರಲು ಕಾರಣರಾದವರು ಎಂದು ತಾವು ನಮಗೊಂದು ಸನ್ಮಾನ ಮಾಡಬಹುದಿತ್ತು.

ಆ ಹುಡುಗ ದಡ್ಡನಲ್ಲ. ಅವನಿಗೆ ಬಹಳ ಬೇಗ ಗೊತ್ತಾಗಿತ್ತೆಂದು ನನ್ನ ನಂಬಿಕೆ. ತಮ್ಮನ ಹೆಂಡತಿಯ ಹತ್ತಿರ ಒಂದೊಂದೇ ಸನ್ನೆ ಕಲಿಯತೊಡಗಿದ್ದ. ಮೊದಲು ಕಲಿತದ್ದು "ದುಬಾರಿ", ಎಲ್ಲರೂ ಅದನ್ನೇ ಹೇಳುತ್ತಿದ್ದರಿಂದ. ಒಂದು ದಿನ ನನ್ನ ಪಕ್ಕ ಬಂದು ನಿಂತು, "ಅಕ್ಕ, ಇವರೆಲ್ಲ ಯಾವಾಗ ತೀರ್ಮಾನ ಮಾಡ್ತಾರೆ?" ಎಂದ.

"ಮನೆ ಅಂದ್ರೆ ದೊಡ್ಡ ವಿಷಯ ಅಲ್ವೇನಪ್ಪ? ಅವಸರ ಮಾಡೋಕಾಗಲ್ಲ."

"ಮಾಡಬೇಡಿ. ಪ್ರತಿ ಭಾನುವಾರ ಬಂದು ಯೋಚನೆ ಮಾಡ್ಲಿ" ಎಂದು ಹೇಳಿ, ನೀರಿನ ಲೋಟಗಳನ್ನು ತಂದಿಟ್ಟು ಹೋದ.

ಇಷ್ಟಾದ ಮೇಲೆ ದೊಡ್ಡಮ್ಮನನ್ನು ಕರೆತರುವ ಧೈರ್ಯ ಬಂತು. ಪುರಭವನ ತೆರೆದಿದೆ, ಎಲ್ಲರೂ ಬರುತ್ತಾರೆ ಎಂದು ತಮ್ಮ ಅವರ ಕೈಗೆ ಹೇಳಿದಾಗ ಅವರು ಅಂದೇ ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆಸಿದರಂತೆ. ಭಾನುವಾರ ಬಂದರು. ಹೊರಗಿನ ಮೆಟ್ಟಿಲುಗಳನ್ನು ಯಾರ ಆಸರೆಯೂ ಇಲ್ಲದೆ ಹತ್ತಿದರು. ಸಭಾಂಗಣದ ಹೊಸ್ತಿಲಲ್ಲಿ ಚಪ್ಪಲಿ ಕಳಚಿ, ಗೋಡೆ ಸವರಿಕೊಂಡು ಹಿಂದೆ ಕೂರುತ್ತಿದ್ದ ಅದೇ ಕಿಟಕಿಯ ಹತ್ತಿರ ಹೋಗಿ ನಿಂತರು. ಮುಖದಲ್ಲಿ ಅಂಥ ನಗು. ಬಲಗಾಲೆತ್ತಿ ನೆಲವನ್ನು ತಟ್ಟಿದರು.

ಮಾನ್ಯರೇ, ಮರದ ಹಲಗೆಗಳ ಮೇಲೆ ಈಗ ಕಲ್ಲು ಹಾಸಿದ್ದಾರೆ. ಮುಖ ಕಾಣುವಷ್ಟು ಹೊಳೆಯುವ ಕಲ್ಲು. ಮೊದಲ ದಿನವೇ ನಾವದನ್ನು ನೋಡಿದ್ದೆವು. ನನ್ನ ತಮ್ಮ ನೆಲ ತಟ್ಟಿ ಯಾರನ್ನೋ ಕರೆಯಲು ಹೋಗಿ, ಅವರು ತಿರುಗದೆ ಇದ್ದಾಗ ಎಲ್ಲರೂ ನಕ್ಕು, ಕೈ ಬೀಸಿ ಕರೆದು ಸುಮ್ಮನಾಗಿದ್ದೆವು. ನಮಗೆ ಕಣ್ಣಿತ್ತು. ಹಾಗಾಗಿ ಕಲ್ಲು ಅದುರದಿದ್ದರೆ ದೊಡ್ಡಮ್ಮನಿಗೆ ಏನಾಗುತ್ತದೆಂದು ಹೊಳೆಯಲಿಲ್ಲ.

ದೊಡ್ಡಮ್ಮ ನೆಲ ತಟ್ಟಿ ಕಾದರು. ಇಪ್ಪತ್ತು ಜನ ಸುತ್ತ ನಿಂತಿದ್ದೆವು. ಎಲ್ಲರೂ ಒಟ್ಟಿಗೆ ಕಾಲು ಬಡಿದೆವು. ಅವರು ತಲೆ ವಾರೆ ಮಾಡಿ ಕಾಯುತ್ತಲೇ ಇದ್ದರು. ಇನ್ನೂ ಜೋರಾಗಿ ಬಡಿದೆವು. ಕಿಟಕಿಯ ಗಾಜು ನಡುಗಿದ್ದು ನನಗೆ ಕೇಳಿಸಿತು. ಅವರು ಮತ್ತೊಮ್ಮೆ ತಟ್ಟಿದರು. ಆಮೇಲೆ ನಗು ನಿಧಾನವಾಗಿ ಇಳಿಯಿತು. ಕೈ ಮುಂದೆ ಚಾಚಿದರು, ತಮ್ಮ ಹಿಡಿದುಕೊಂಡ. ಅವನ ಅಂಗೈಯಲ್ಲಿ ಅವರು ಹೇಳಿದ್ದು ನನಗೂ ಕಂಡಿತು: ತೆರೆದಿದ್ದಾರೆ ಅಂದೆಯಲ್ಲ ಮಗ. ಯಾರೂ ಬಂದಿಲ್ಲವಲ್ಲ.

ಎಲ್ಲರೂ ಇಲ್ಲೇ ಇದ್ದಾರೆ ಎಂದು ಅವನು ಹೇಳಿದ. ಸಮಾಧಾನಕ್ಕೆ ಸುಳ್ಳು ಹೇಳುವ ಮಗುವಿಗೆ ಮಾಡುವಂತೆ ಅವರು ಅವನ ಕೆನ್ನೆ ತಟ್ಟಿದರು. ಒಬ್ಬೊಬ್ಬರಾಗಿ ಹೋಗಿ ಅವರ ಕೈಯಲ್ಲಿ ಕೈಯಿಟ್ಟೆವು. ಪ್ರತಿಯೊಬ್ಬರನ್ನೂ ಅವರು ಗುರುತಿಸಿದರು, ಮಕ್ಕಳ ಬಗ್ಗೆ, ಮಂಡಿನೋವಿನ ಬಗ್ಗೆ ವಿಚಾರಿಸಿದರು. ಕಡೆಗೆ ನನ್ನ ಕೈ ಹಿಡಿದಾಗ ಕೇಳಿದರು: ಮೊದಲು ಎಲ್ಲರೂ ಒಟ್ಟಿಗೆ ಬರುತ್ತಿದ್ದಿರಿ. ಹೀಗೆ ಒಬ್ಬೊಬ್ಬರೇ ಬರಲು ಯಾವಾಗ ಶುರುಮಾಡಿದಿರಿ?

ಇಷ್ಟು ವರ್ಷ ಅವರ ಮಾತಿಗೆ ನನ್ನ ಕೈ ಎಂದೂ ತಡವರಿಸಿರಲಿಲ್ಲ. ಆ ದಿನ ಅದೇ ಕೈಯಿಂದ ಅವರ ಚಪ್ಪಲಿ ತಂದು ಕಾಲಬಳಿ ಇಟ್ಟೆ.

ನಾವು ಕಾಲು ಬಡಿದ ಸದ್ದಿಗೆ ನಿವಾಸಿಗಳ ಸಂಘದ ಕಾರ್ಯದರ್ಶಿ ಕೆಳಗಿಳಿದು ಬಂದರು. ಆ ಸಲ ಸದ್ದು ನಿಜವಾಗಿಯೂ ಆಗಿತ್ತು, ಅವರ ತಪ್ಪಿಲ್ಲ. ಯಾರಿವರು ಎಂದು ಟೈ ಕಟ್ಟಿದ ಹುಡುಗನನ್ನು ಕೇಳಿದರು. ಮನೆ ನೋಡೋಕೆ ಬಂದೋರು ಎಂದ. ಇಷ್ಟು ಜನವೇ ಎಂದರು.

"ಒಟ್ಟು ಕುಟುಂಬ ಸಾರ್. ದೊಡ್ಡ ಮನೆ ಬೇಕಂತೆ."

"ಇವರನ್ನ ನೋಡಿದ್ರೆ ಮನೆ ತಗೊಳ್ಳೋರ ಹಾಗೆ ಕಾಣ್ತಾರೇನ್ರಿ?"

ಹುಡುಗ ಟೈ ಸರಿಮಾಡಿಕೊಂಡ. "ನಾನೂ ಹಾಗೆ ಕಾಣಲ್ಲ ಸಾರ್. ಆದ್ರೂ ಮಾರ್ತಾ ಇದೀನಿ" ಎಂದ.

ಮುಂದಿನ ಭಾನುವಾರ ಆ ಟೈ ಬೇರೊಬ್ಬರ ಕೊರಳಲ್ಲಿತ್ತು. ಮನೆ ನೋಡುವವರು ಬ್ಯಾಂಕಿನ ಪತ್ರ ತರಬೇಕೆಂದು ಹೊಸ ನಿಯಮವಾಗಿತ್ತು. ಆ ಹುಡುಗ ಈಗ ಮನೆಮನೆಗೆ ಹೋಗಿ ನೀರು ಶುದ್ಧ ಮಾಡುವ ಯಂತ್ರ ಮಾರುತ್ತಾನೆ. ಭಾನುವಾರ ನನ್ನ ಅಂಗಡಿಗೆ ಬರುತ್ತಾನೆ. ದುಬಾರಿ ಎಂಬುದರಾಚೆ ಈಗ ಬಹಳ ಕಲಿತಿದ್ದಾನೆ.

ಹೌದು, ಭಾನುವಾರದವರು ಈಗ ನನ್ನ ಅಂಗಡಿಯಲ್ಲಿ ಸೇರುತ್ತಾರೆ. ಆ ದಿನದ ಮೇಲೆ ದೊಡ್ಡಮ್ಮ ಕೋಣೆಯಿಂದ ಹೊರಗೆ ಬರಲು ಒಪ್ಪಲಿಲ್ಲ. ಯಾರೂ ಇಲ್ಲದ ಕಡೆ ಹೋಗಿ ಏನು ಮಾಡಲಿ ಎನ್ನುತ್ತಿದ್ದರು. ಆ ಕಟ್ಟಡದಲ್ಲೀಗ ಜನ ಮಲಗುತ್ತಾರೆ ಎಂದು ತಮ್ಮ ವಿವರಿಸಿದಾಗ ಒಮ್ಮೆ ಮಾತ್ರ ನಕ್ಕರು. ಸದಸ್ಯರ ಕಾಲದಲ್ಲೂ ಮಲಗುತ್ತಿದ್ದರು, ನಾನೇ ನೋಡಿದ್ದೇನೆ ಎಂದರು. ನನ್ನ ಅಂಗಡಿಯ ಮೇಲೆ ಬಟ್ಟೆಯ ಥಾನುಗಳನ್ನಿಡುವ ಮರದ ಅಟ್ಟವಿದೆ. ಥಾನುಗಳನ್ನೆಲ್ಲ ಕೆಳಗಿಳಿಸಿ, ಅವರನ್ನು ಹೇಗೋ ಒಪ್ಪಿಸಿ, ಮೇಲೆ ಹತ್ತಿಸಿ ಕೂರಿಸಿದೆವು. ಅವರು ಅನುಮಾನದಿಂದಲೇ ಹಲಗೆ ತಟ್ಟಿದರು. ಮೇಲಿದ್ದವರು ತಿರುಗಿ ತಟ್ಟಿದರು. ಕೆಳಗೆ ನನ್ನ ಯಂತ್ರಗಳ ಮೇಲೆ ಧೂಳು ಸುರಿಯಿತು. ಮೇಲಿನಿಂದ ತಮ್ಮನ ಗರಗಸ ಕೇಳಿಸಿತು, ಅದರಿಂದ ದೊಡ್ಡಮ್ಮ ನಕ್ಕರೆಂದು ತಿಳಿದೆ.

ಆದರೆ ಆ ಅಟ್ಟ ಐದಾರು ಜನರ ಭಾರ ಮಾತ್ರ ತಡೆಯುತ್ತದೆ. ಉಳಿದವರು ಬೀದಿಯಲ್ಲಿ ನಿಂತು, ಪಾಳಿಯಂತೆ ಮೇಲೆ ಹತ್ತಿ ಇಳಿಯುತ್ತಾರೆ, ಎಷ್ಟೋ ಜನರ ಪಾಳಿ ಬರುವ ಮೊದಲೇ ದೊಡ್ಡಮ್ಮ ದಣಿದುಬಿಡುತ್ತಾರೆ. ದೊಡ್ಡಮ್ಮನ ಲೆಕ್ಕದಲ್ಲಿ ಭಾನುವಾರದವರು ಇಷ್ಟೇ ಉಳಿದಿರುವುದು. ಮಿಕ್ಕವರು ಎಲ್ಲಿ ಎಂದು ಪ್ರತಿ ವಾರ ಕೇಳುತ್ತಾರೆ, ಬೀದಿಯಲ್ಲಿದ್ದಾರೆ ಎಂದರೆ ಅವರಿಗೆ ನಂಬಿಕೆಯಿಲ್ಲ. ತೀರಿಕೊಂಡವರ ಸುದ್ದಿಯನ್ನು ನಾವು ಮುಚ್ಚಿಡುತ್ತಿದ್ದೇವೆ ಎಂದುಕೊಂಡಿದ್ದಾರೆ.

ಇದರ ನಡುವೆ ಕಳೆದ ವಾರ ತಮ್ಮ ಕಚೇರಿಯಿಂದ ನನಗೊಂದು ನೋಟಿಸು ಬಂದಿದೆ. ವಾಣಿಜ್ಯ ಮಳಿಗೆಯಲ್ಲಿ ಅನುಮತಿಯಿಲ್ಲದೆ ಜನ ಸೇರಿಸುತ್ತಿರುವುದೇಕೆ, ಪರವಾನಗಿ ಏಕೆ ರದ್ದು ಮಾಡಬಾರದು ಎಂದು ವಿವರಣೆ ಕೇಳಿದ್ದೀರಿ. ಬಾಗಿಲು ತೆರೆಸಿ ಎಂದು ಬರೆದ ಅರ್ಜಿಗೆ ಉತ್ತರ ಕೊಡಲು ತಿಂಗಳುಗಟ್ಟಲೆ ಹಿಡಿದ ಕಚೇರಿ, ಬಾಗಿಲು ಮುಚ್ಚಿಸಲು ತಾನಾಗಿಯೇ ಎದ್ದು ಓಡಿಬಂದಿದೆ. ತಾವು ಕೇಳಿದ ವಿವರಣೆ ಇದೇ, ಇಲ್ಲಿಯವರೆಗೆ ಬರೆದದ್ದು. ಪ್ರತ್ಯೇಕವಾಗಿ ಕಳಿಸುವುದಿಲ್ಲ.

ನಮ್ಮ ಭಾಷೆಯಲ್ಲಿ ಕಿವುಡು ಎರಡು ಬಗೆ. ಒಂದು ಹುಟ್ಟು ಕಿವುಡು, ಇನ್ನೊಂದು ಜಾಣ ಕಿವುಡು. ಮೊದಲನೆಯದು ಇರುವವರ ಜೊತೆ ಹುಟ್ಟಿ ಬೆಳೆದವಳು ನಾನು. ಅವರು ಒಂದು ಮಾತು ತಿಳಿಯಲು ಕಣ್ಣು, ಕೈ, ಅಂಗಾಲು ಎಲ್ಲವನ್ನೂ ಕಿವಿ ಮಾಡಿಕೊಳ್ಳುವುದನ್ನು ನೋಡಿದ್ದೇನೆ. ಎರಡನೆಯದಕ್ಕೆ ದೊಡ್ಡ ಕುರ್ಚಿ, ಗುಂಡಿ ಒತ್ತಿದರೆ ಓಡಿಬರುವ ಜವಾನ, ಎರಡು ಒಳ್ಳೆಯ ಕಿವಿಗಳು ಬೇಕಾಗುತ್ತವೆ. ಕಿವಿ ಕೇಳದವರಿಗೆ ಕೊಟ್ಟ ಮಾತನ್ನು ಯಾರು ತಾನೇ ಎತ್ತಿ ಆಡುತ್ತಾರೆ ಎಂದುಕೊಂಡಿರಾ? ಅಥವಾ ಆ ಮಾತನ್ನೂ ಸೂರು ನುಂಗಿಕೊಂಡಿತೆಂದು ತಿಳಿದಿರಾ? ಊರು ಚಂದಾ ಎತ್ತಿ ಕಟ್ಟಿದ ನೆಲದ ಮೇಲೆ ಕಲ್ಲು ಹಾಸುವಾಗ, ಅದರ ಮೇಲೆ ಯಾರು ನಿಲ್ಲುತ್ತಿದ್ದರೆಂದು ಒಬ್ಬರನ್ನಾದರೂ ಕೇಳಿದಿರಾ?

ನಾನು ಕೇಳುವುದು ದೊಡ್ಡದಲ್ಲ. ಮೇಲಿನವರು ನೆಮ್ಮದಿಯಾಗಿ ಬಾಳಲಿ. ಭಾನುವಾರ ಬೆಳಿಗ್ಗೆ ಮಾತ್ರ ಸಭಾಂಗಣ ನಮಗೆ ಬಿಡಿಸಿ. ಕಿಟಕಿಯ ಬದಿಯಲ್ಲಿ, ಇಪ್ಪತ್ತು ಜನ ನಿಲ್ಲುವಷ್ಟು ಜಾಗದಲ್ಲಿ ಆ ಕಲ್ಲನ್ನು ಎತ್ತಿಸಿ. ಮರ ಅದರಡಿಯಲ್ಲಿ ಇನ್ನೂ ಇದೆ ಎಂದು ಕಲ್ಲು ಹಾಸಿದ ಮೇಸ್ತ್ರಿಯೇ ನನಗೆ ಹೇಳಿದ್ದಾನೆ. ಬೇಗ ಎತ್ತಿಸಿ, ದೊಡ್ಡಮ್ಮನಿಗೆ ವಯಸ್ಸಾಗಿದೆ.

ಇದಕ್ಕೆ ಉತ್ತರವನ್ನು ಟಪಾಲಿನಲ್ಲಿ ಕಳಿಸಬೇಡಿ. ಬರುವ ಭಾನುವಾರ ಖುದ್ದಾಗಿ ಬಂದು, ಬೀದಿಯಲ್ಲಿ ಪಾಳಿಗೆ ನಿಂತವರ ಎದುರು ನಿಂತು ಹೇಳಿ. ತಮ್ಮ ಮಾತನ್ನು ಈ ಸಲ ನಾನು ಕೈಯಲ್ಲಿ ಹೇಳುವುದಿಲ್ಲ, ತಾವೇ ಹೇಳಬೇಕು. ಕಷ್ಟವೇನಿಲ್ಲ, ಒಂದೇ ಒಂದು ಸನ್ನೆ ಕಲಿತರೆ ಸಾಕು. ಎರಡೂ ಅಂಗೈಗಳನ್ನು ಎದೆಯ ಮುಂದೆ ಪಕ್ಕಪಕ್ಕ ಹಿಡಿಯಿರಿ, ಮುಚ್ಚಿದ ಬಾಗಿಲಿನ ಎರಡು ರೆಕ್ಕೆಗಳ ಹಾಗೆ. ಆಮೇಲೆ ನಿಧಾನವಾಗಿ ಎರಡೂ ಕಡೆಗೆ ತೆರೆಯಿರಿ.

ಇಂತಿ,
ತಮ್ಮ ವಿಶ್ವಾಸಿಯಾಗಿದ್ದು, ಸದ್ಯಕ್ಕೆ ಬರೀ ತೆರಿಗೆದಾರಳಾಗಿ ಉಳಿದಿರುವ,
ಪುರಭವನದ ಹಿಂದಿನ ಬೀದಿಯ ಹೊಲಿಗೆ ಅಂಗಡಿಯ ಅಕ್ಕ